ಹಳ್ಳಿಯೋ, ಪಟ್ಟಣವೋ? – ಪ್ರಾದ್ ಸೀಮೆಯ ಚರಿತ್ರೆ

ಫ್ರಾನ್ಸಿನ ನಕಾಶೆಯಲ್ಲಿ ತೆಂಕಣ ತುದಿಗೆ, ಪಿರೆನೀಸ್ ಬೆಟ್ಟಸಾಲಿನ ಪೂರ್ವದ ಬದಿಗೆ ಕಣ್ಣು ಹಾಯಿಸಿದರೆ ಒಂದು ವಿಚಿತ್ರ ಕಾಣುತ್ತದೆ. ನಾಲ್ಕು ಸುತ್ತಲೂ ಫ್ರೆಂಚ್ ಹಳ್ಳಿಗಳು. ನಡುವೆ ಸುಮಾರು 13 ಚದರ ಕಿಲೋಮೀಟರಿನ ಒಂದು ತುಂಡು ನೆಲ ಮಾತ್ರ ಸ್ಪೇನ್ ದೇಶದ್ದು. ಅದರ ಹೆಸರು ಲೀವಿಯಾ. ಅದನ್ನು ಸುತ್ತುವರಿದಿರುವುದು ಪ್ರಾದ್ ಎಂಬ ಆಡಳಿತ ವಿಭಾಗ. ಜಿಲ್ಲೆಗಿಂತ ಸಣ್ಣದು, ನಮ್ಮ ರೆವಿನ್ಯೂ ಸಬ್‌ಡಿವಿಜನಿನ ಹಾಗೆ ಎನ್ನಬಹುದು. ಅಲ್ಲಿ ದೊಡ್ಡ ನಗರವೆಂಬುದಿಲ್ಲ. ಕಣಿವೆ, ಹಣ್ಣಿನ ತೋಟ, ದನ ಮೇಯುವ ಎತ್ತರದ ಬಯಲು, ಮತ್ತೆ ಕೆಲವು ಹಳೆಯ ಸಣ್ಣ ಪಟ್ಟಣಗಳು.

ಈ ಸೀಮೆಯ ಜನರ ಮಾತು ಫ್ರೆಂಚ್ ಆಗಿರಲಿಲ್ಲ, ಕತಲಾನ್. ಬಾರ್ಸಿಲೋನಾದಲ್ಲಿ ಆಡುವ ಭಾಷೆಯೇ. 1659ರ ನವೆಂಬರ್ 7ರಂದು, ಬೆಟ್ಟಸಾಲಿನ ಇನ್ನೊಂದು ತುದಿಯಲ್ಲಿ ಹೊಳೆ ನಡುವಿನ ಒಂದು ಕುದುರಿನಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ಸಂಧಿ ಮಾಡಿಕೊಂಡವು. ಫ್ರಾನ್ಸಿನ ಪರವಾಗಿ ಕಾರ್ಡಿನಲ್ ಮಜಾರಿನ್, ಸ್ಪೇನಿನ ಪರವಾಗಿ ಲೂಯಿಸ್ ದೆ ಹಾರೊ. ಪಿರೆನೀಸ್ ಬೆಟ್ಟವೇ ಎರಡು ದೇಶಗಳ ಗಡಿ ಎಂದು ಬರೆದರು. ಊರಿನವರನ್ನು ಕೇಳಿದವರಿಲ್ಲ.

ಬೆಟ್ಟವೇ ಗಡಿಯಾದರೆ ಲೆಕ್ಕ ಸುಲಭವಾಗಬೇಕಿತ್ತು. ಆದರೆ ಸೆರ್ದಾನ್ಯ ಎಂಬ ಎತ್ತರದ ಬಯಲಿನ ನೀರು ಹರಿದುಹೋಗುವುದು ಸ್ಪೇನಿನ ಕಡೆಗೆ. ಆದರೂ ಅದರಲ್ಲಿ ಪಾಲು ಬೇಕೆಂದು ಫ್ರಾನ್ಸ್ ಹಟ ಹಿಡಿಯಿತು. ಮರುವರ್ಷ, 1660ರಲ್ಲಿ, ಲೀವಿಯಾದಲ್ಲೇ ಕುಳಿತು ಒಪ್ಪಂದ ಬರೆದರು: 33 ಹಳ್ಳಿಗಳು ಫ್ರಾನ್ಸಿಗೆ. ಲೀವಿಯಾಕ್ಕೆ ಹಿಂದೆಯೇ ಚಕ್ರವರ್ತಿಯಿಂದ ಪಟ್ಟಣದ ಪದವಿ ದೊರೆತಿತ್ತು. ಪತ್ರದಲ್ಲಿರುವುದು ಹಳ್ಳಿಗಳು, ನಮ್ಮದು ಹಳ್ಳಿಯಲ್ಲವಲ್ಲ ಎಂಬ ವಾದ ಗೆದ್ದಿತು. ಒಂದು ಪದದ ಬಲದಿಂದ ಊರೊಂದು ಆಚೆಗುಳಿಯಿತು, ಅದರ ನೆರೆಯ ಹಳ್ಳಿಗಳೆಲ್ಲ ಈಚೆಗೆ ಬಂದವು. ಇಪ್ಪತ್ತು ವರ್ಷದಿಂದ ಬ್ಯಾಂಕಿನಲ್ಲಿ ಸಾಲಪತ್ರಗಳ ಒಕ್ಕಣೆ ನೋಡುತ್ತಿರುವ ನನಗೆ ಇದರಲ್ಲಿ ಆಶ್ಚರ್ಯವೇನೂ ತೋರುವುದಿಲ್ಲ.

ಗೆದ್ದ ನೆಲವನ್ನು ಕಾಯಲು ಹದಿನಾಲ್ಕನೇ ಲೂಯಿ ದೊರೆಯ ಎಂಜಿನಿಯರ್ ವೋಬಾನ್ ಬಂದ. ಎರಡು ಹೊಳೆ ಕೂಡುವಲ್ಲಿ ಬೆಟ್ಟಗಳ ಇಕ್ಕಟ್ಟಿನಲ್ಲಿರುವ ವಿಲ್‌ಫ್ರಾಂಶ್ ಹನ್ನೊಂದನೇ ಶತಮಾನದ ಕೊನೆಗೆ ಹುಟ್ಟಿದ ಕೋಟೆಪೇಟೆ. 1674ರಲ್ಲಿ ಅಲ್ಲಿಯ ಕೆಲವರು ಫ್ರೆಂಚರ ವಿರುದ್ಧ ಒಳಸಂಚು ಹೂಡಿ, ಸಿಕ್ಕಿಬಿದ್ದು, ತಲೆ ಕೊಟ್ಟರು. ಆಮೇಲೆ ವೋಬಾನ್ ಪೇಟೆಯ ಗೋಡೆಗಳನ್ನು ಬಲಪಡಿಸಿ, ಮೇಲಿನ ಗುಡ್ಡದಲ್ಲಿ ಇನ್ನೊಂದು ಕೋಟೆ ಕಟ್ಟಿಸಿದ. ಇನ್ನೂ ಮೇಲೆ, 1600 ಮೀಟರ್ ಎತ್ತರದಲ್ಲಿ, 1679ರಿಂದ ಮೊಂ-ಲೂಯಿ ಎಂಬ ಹೊಸ ಕೋಟೆಪಟ್ಟಣವೇ ಎದ್ದಿತು. ಹೆಸರು ದೊರೆಯದೇ. 2008ರಲ್ಲಿ ಯುನೆಸ್ಕೋ ಇವೆರಡನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವಿಲ್‌ಫ್ರಾಂಶಿನಿಂದ ಹೊರಟು ಈ ದಾರಿಯಲ್ಲೇ ಹತ್ತುವ ಹಳದಿ ಬಣ್ಣದ ಸಣ್ಣ ರೈಲು 1910ರಿಂದಲೂ ಇದೆ.

ಆದರೆ ಕೋಟೆಗಿಂತ ಗಟ್ಟಿಯಾದ ಕೆಲಸ ಮಾಡಿದ್ದು ಕಾಗದ. 1700ರಲ್ಲಿ ಲೂಯಿ ದೊರೆ ಆಜ್ಞೆ ಹೊರಡಿಸಿದ: ಕೋರ್ಟಿನ ತೀರ್ಪು, ನೋಟರಿಯ ದಸ್ತಾವೇಜು, ಸರಕಾರಿ ಕಡತ, ಎಲ್ಲವೂ ಇನ್ನು ಫ್ರೆಂಚಿನಲ್ಲಿ, ಕತಲಾನಿನಲ್ಲಿ ಬರೆದರೆ ಊರ್ಜಿತವಲ್ಲ. ಅಂದಿನಿಂದ ಜಾಗ ಕೊಡುವವನಿಗೂ ಕೊಳ್ಳುವವನಿಗೂ ತಮ್ಮ ಆಧಾರವನ್ನೇ ಓದಲು ಬಾರದ ಸ್ಥಿತಿ. ನನ್ನ ಮೇಜಿಗೆ ಅಜ್ಜನ ಕಾಲದ ಕನ್ನಡ ಆಧಾರ ಹಿಡಿದುಕೊಂಡು ಬರುವವರಿದ್ದಾರೆ. ಹೊಸತನ್ನು ಮಗ ಓದಿ ಹೇಳಬೇಕು. ಹಾಗಾಗಿ ಆ ಆಜ್ಞೆಯ ವಿಷಯ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹಾಗಿದ್ದರೂ ಮನೆಯ ಮಾತು ಅಷ್ಟಕ್ಕೇ ಸಾಯಲಿಲ್ಲ. ಇನ್ನೂ ಇನ್ನೂರು ವರ್ಷ ಬಾಳಿತು. ಅದನ್ನು ಅಂಗಳದಿಂದ ಓಡಿಸಿದ್ದು ಶಾಲೆ. ಇದೇ ವಿಭಾಗದ ಅಯ್ಗತೇಬಿಯಾ ಎಂಬ ಗುಡ್ಡದ ಹಳ್ಳಿಯ ಶಾಲೆಯ ಗೋಡೆಯಲ್ಲಿ ಮಕ್ಕಳಿಗೆಂದು ಬರೆದದ್ದು ಇದು: ‘ಫ್ರೆಂಚ್ ಮಾತಾಡಿ, ಶುಚಿಯಾಗಿರಿ.’ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ, ತಾಯಿಯ ಮಾತು ಕೊಳೆಯೆಂದೇ ಮಗುವಿಗೆ ಅರ್ಥವಾಗುವುದು.

ಹಾಗಾದರೆ ಲೀವಿಯಾದವರು ಬಚಾವಾದರೆಂದು ಹೇಳೋಣವೇ? ಪೂರ್ತಿ ಹಾಗೆ ಹೇಳಲಾಗದು. 1939ರಲ್ಲಿ ಫ್ರಾಂಕೋ ಗೆದ್ದ ಮೇಲೆ ಸ್ಪೇನಿನ ಕಡೆಯಲ್ಲೂ ಶಾಲೆ ಕಚೇರಿಗಳಿಂದ ಕತಲಾನ್ ಹೊರಬಿತ್ತು. ಆಗ ಬೆಟ್ಟ ದಾಟಿ ಬಂದವರಿಗೆ ಆಶ್ರಯವಾದದ್ದು ಈ ಪ್ರಾದ್ ಪಟ್ಟಣವೇ. ಚೆಲೋ ವಾದಕ ಪಾಬ್ಲೊ ಕಸಾಲ್ಸ್ ಇಲ್ಲಿ ನೆಲೆಸಿ, 1950ರಲ್ಲಿ ಇಲ್ಲಿಯ ಚರ್ಚಿನಲ್ಲಿ ಬಾಖ್ ಸಂಗೀತೋತ್ಸವ ನಡೆಸಿದ. ಅವನಿಗಿಂತ ನನಗೆ ಹೆಚ್ಚು ನೆನಪಾಗುವವನು ಪೊಂಪೆಯು ಫಾಬ್ರಾ. ಕತಲಾನ್ ಭಾಷೆಗೆ ವ್ಯಾಕರಣ ಬರೆದು, 1932ರಲ್ಲಿ ನಿಘಂಟು ಕೊಟ್ಟವನು. ತನ್ನ ಭಾಷೆಯ ದಸ್ತಾವೇಜು ನಡೆಯದ ಈ ಊರಿನಲ್ಲಿ, 1948ರ ಕ್ರಿಸ್ಮಸ್ ದಿನ ತೀರಿಕೊಂಡ.

1960ರ ದಶಕದ ಕೊನೆಯಿಂದ ಪ್ರತಿ ಆಗಸ್ಟಿನಲ್ಲಿ ಪ್ರಾದ್‌ನಲ್ಲಿ ಕತಲಾನ್ ಬೇಸಿಗೆ ವಿಶ್ವವಿದ್ಯಾಲಯ ಸೇರುತ್ತದೆ. ಗಡಿಯ ಎರಡೂ ಬದಿಯವರು ಬರುತ್ತಾರೆ. ಪಾಠ ನಡೆಯುವುದು ಕತಲಾನಿನಲ್ಲಿ.