ಅಂಗಡಿಯಿಂದ ತರಗತಿಗೆ: ಕ್ಷೌರ ಮತ್ತು ಸೌಂದರ್ಯ ಕಸುಬಿನ ಕಲಿಕೆ

ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಕ್ಷೌರಿಕನೂ ಒಬ್ಬ. ವರ್ಷವಿಡೀ ಮಾಡಿದ ಕೆಲಸಕ್ಕೆ ಸುಗ್ಗಿಯಲ್ಲಿ ಕಣದಿಂದ ಕಾಳು ಬರುತ್ತಿತ್ತು. ಮಗನಿಗೆ ಅಪ್ಪನೇ ಗುರು. ಮೊದಲು ನೀರು ತಂದುಕೊಡುವುದು, ಆಮೇಲೆ ಕತ್ತಿ ಮಸೆಯುವುದು, ಕೈ ಕುದುರಿದ ಮೇಲೆ ಗಿರಾಕಿಯ ಕೆನ್ನೆ. ಗಾಯ, ಹುಣ್ಣುಗಳ ಆರೈಕೆ, ಮದುವೆಯ ವಾಲಗವೂ ಅನೇಕ ಕಡೆ ಇದೇ ಮನೆತನಗಳ ಕೈಯಲ್ಲಿದ್ದವು. ಇಷ್ಟು ವಿದ್ಯೆಯಿದ್ದರೂ ಮರ್ಯಾದೆ ದಕ್ಕಲಿಲ್ಲ. ಕಸುಬನ್ನು ಜಾತಿಗೆ ಕಟ್ಟಿಹಾಕಿದ ವ್ಯವಸ್ಥೆಯೇ ದಲಿತರ ತಲೆಗೆ ಕತ್ತರಿ ಸೋಕದಂತೆಯೂ ನೋಡಿಕೊಂಡಿತು. ಅಂಥ ಪ್ರಕರಣಗಳು ನಮ್ಮ ರಾಜ್ಯದ ಹಳ್ಳಿಗಳಿಂದ ಈಗಲೂ ವರದಿಯಾಗುತ್ತಿವೆ. ಹಾಗಾಗಿ ಈ ಕಸುಬಿನ ತರಬೇತಿಯ ಚರಿತ್ರೆಯನ್ನು ನೋಡುವಾಗ ಯಾವ ಕೋರ್ಸ್ ಯಾವಾಗ ಬಂತು ಎಂಬುದರ ಜತೆಗೆ ಯಾರು ಕಲಿತರು, ಯಾರು ಹೊರಗುಳಿದರು ಎಂದೂ ಕೇಳಬೇಕಾಗುತ್ತದೆ.

ಶಾಲೆ ಹುಟ್ಟಿದ ಬಗೆ

ಕ್ಷೌರ ಕಲಿಸಲೆಂದೇ ಶಾಲೆ ತೆರೆದವರಲ್ಲಿ ಮೊದಲಿಗನೆಂದು ಅಮೆರಿಕದ ಎ. ಬಿ. ಮೋಲರ್ ಹೆಸರು ಕೇಳಿಬರುತ್ತದೆ. 1893ರಲ್ಲಿ ಅವನು ಷಿಕಾಗೋದಲ್ಲಿ ಶಾಲೆ ಆರಂಭಿಸಿದ. ನಾಲ್ಕೇ ವರ್ಷದಲ್ಲಿ, 1897ರಲ್ಲಿ, ಮಿನ್ನೆಸೋಟ ರಾಜ್ಯ ಕ್ಷೌರಿಕರಿಗೆ ಪರವಾನಗಿ ಕಡ್ಡಾಯ ಮಾಡಿತು. ಒಂದೇ ಕತ್ತಿಯಿಂದ ಹಲವರಿಗೆ ಕ್ಷೌರ ಮಾಡಿದರೆ ಸೋಂಕು ಹರಡೀತೆಂಬ ಭಯ ಅಂಥ ಕಾನೂನುಗಳ ಹಿಂದಿತ್ತು. ಜರ್ಮನಿಯಲ್ಲಿ ಇಂದಿಗೂ ಕೇಶವಿನ್ಯಾಸ ಕಲಿಯಲು ಮೂರು ವರ್ಷ ಬೇಕು. ವಾರದ ಕೆಲವು ದಿನ ಸಲೂನಿನಲ್ಲಿ ದುಡಿತ, ಉಳಿದ ದಿನ ವೃತ್ತಿಶಾಲೆಯಲ್ಲಿ ಪಾಠ. ಕಲಿಯುವಾಗಲೂ ಸಂಬಳ ಬರುತ್ತದೆ. ಚರ್ಮದ ಆರೈಕೆ, ಫೇಶಿಯಲ್ ವಿಭಾಗಕ್ಕೆ 1946ರಲ್ಲಿ ಹುಟ್ಟಿದ ಸಿಡೆಸ್ಕೊ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಡಿಪ್ಲೊಮಾ ಮಾನದಂಡವಾಯಿತು.

ಮನೆಯ ಮುಂದಿನ ಕೋಣೆ

ನಮ್ಮಲ್ಲಿ ಬದಲಾವಣೆ ತಂದವರು ಮುಖ್ಯವಾಗಿ ಹೆಂಗಸರು. 1952ರಲ್ಲಿ ಟಾಟಾ ಸಮೂಹ ಲ್ಯಾಕ್ಮೆ ಎಂಬ ಸೌಂದರ್ಯವರ್ಧಕ ಕಂಪನಿ ಆರಂಭಿಸಿತು. 1970ರ ದಶಕದಲ್ಲಿ ಶಹನಾಜ್ ಹುಸೇನ್ ದೆಹಲಿಯ ತಮ್ಮ ಮನೆಯಲ್ಲೇ ಗಿಡಮೂಲಿಕೆಗಳ ಸಲೂನ್ ತೆರೆದರು, ಬೇರೆ ಗೃಹಿಣಿಯರಿಗೂ ತರಬೇತಿ ಕೊಟ್ಟು ಅವರವರ ಮನೆಗಳಲ್ಲೇ ಪಾರ್ಲರ್ ಇಡಲು ಹುರಿದುಂಬಿಸಿದರು. 1989ರಲ್ಲಿ ವಂದನಾ ಲೂತ್ರಾ ವಿ.ಎಲ್.ಸಿ.ಸಿ. ಎಂಬ ಸೌಂದರ್ಯ ಸೇವೆಗಳ ಸಂಸ್ಥೆ ಕಟ್ಟಿದರು, ಮುಂದೆ ಅದಕ್ಕೂ ತರಬೇತಿ ಸಂಸ್ಥೆಗಳು ಸೇರಿಕೊಂಡವು. ಸಣ್ಣ ಊರುಗಳಲ್ಲಿ ಮನೆಯ ಮುಂದಿನ ಕೋಣೆಗೆ ಪರದೆ ಎಳೆದು, ಒಂದು ಕನ್ನಡಿ, ಒಂದು ಕುರ್ಚಿ ಹಾಕಿದರೆ ಪಾರ್ಲರ್ ಸಿದ್ಧವಾಗುತ್ತಿತ್ತು. ಗಂಡಸರ ಕಟಿಂಗ್ ಶಾಪಿನಲ್ಲಿ ಜಾತಿಯ ಗೆರೆ ಗಟ್ಟಿಯಾಗಿದ್ದ ಕಾಲದಲ್ಲೇ ಇಲ್ಲಿ ಎಲ್ಲ ಜಾತಿ, ಧರ್ಮಗಳ ಹೆಣ್ಣುಮಕ್ಕಳು ಕತ್ತರಿ ಹಿಡಿದರು. ಇದು ಸಣ್ಣ ಸಾಧನೆಯಲ್ಲ.

ಸರ್ಕಾರವೂ ಹಿಂದೆ ಬೀಳಲಿಲ್ಲ. 1977ರಲ್ಲಿ ಕೇಂದ್ರದ ಮಹಿಳಾ ವೃತ್ತಿ ತರಬೇತಿ ಕಾರ್ಯಕ್ರಮ ಆರಂಭವಾಯಿತು. ಅದರ ಕೇಂದ್ರವೊಂದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿದೆ. ಐ.ಟಿ.ಐ.ಗಳಲ್ಲಿ ಕೂದಲು ಮತ್ತು ಚರ್ಮದ ಆರೈಕೆ ಒಂದು ವರ್ಷದ ವಿಷಯವಾಯಿತು. ಇಂದು ಅದರ ಹೆಸರು ಕಾಸ್ಮೆಟಾಲಜಿ.

ಗ್ರಾಮೀಣ ಮಹಿಳೆಯರ ಮಟ್ಟಿಗೆ ಇವಕ್ಕಿಂತ ಹತ್ತಿರವಾದದ್ದು ಉಜಿರೆಯ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಜತೆಗೂಡಿ 1982ರಲ್ಲಿ ಇದನ್ನು ಆರಂಭಿಸಿದವು. ಊಟ, ವಸತಿ, ಪಾಠ ಎಲ್ಲವೂ ಉಚಿತ. ಬ್ಯೂಟಿ ಪಾರ್ಲರ್ ನಿರ್ವಹಣೆಯ ತರಬೇತಿ ಸುಮಾರು ಒಂದು ತಿಂಗಳದ್ದು. ಅದರಲ್ಲಿ ಥ್ರೆಡ್ಡಿಂಗ್, ಫೇಶಿಯಲ್‌ಗಳ ಜತೆಗೆ ಲೆಕ್ಕ ಬರೆಯುವುದು, ಬ್ಯಾಂಕ್ ಸಾಲ ಕೇಳುವುದು, ಗಿರಾಕಿಯನ್ನು ಉಳಿಸಿಕೊಳ್ಳುವುದೂ ಸೇರಿವೆ. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನಿಗೆ ನಿಲ್ಲುವುದು ಇದರ ಬಲ. ಈ ಮಾದರಿಯನ್ನೇ ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಿಗೆಲ್ಲ ವಿಸ್ತರಿಸಿತು.

ಹಂತಗಳು, ಪತ್ರಗಳು

2008ರಲ್ಲಿ ರಾಷ್ಟ್ರೀಯ ಕೌಶಲ ಅಭಿವೃದ್ಧಿ ನಿಗಮ, 2013ರಲ್ಲಿ ಕೌಶಲಗಳ ಅರ್ಹತಾ ಚೌಕಟ್ಟು, 2015ರಲ್ಲಿ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆ, 2017ರಲ್ಲಿ ರಾಜ್ಯದ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ. ಒಂದು ದಶಕದೊಳಗೆ ಕಸುಬಿಗೆ ಮೆಟ್ಟಿಲುಗಳು ಕಟ್ಟಲ್ಪಟ್ಟವು. ಸಹಾಯಕ ಬ್ಯೂಟಿ ಥೆರಪಿಸ್ಟ್ ಮೂರನೆಯ ಹಂತ, ಬ್ಯೂಟಿ ಥೆರಪಿಸ್ಟ್ ನಾಲ್ಕನೆಯದು, ಕೇಶವಿನ್ಯಾಸಕ್ಕೂ ಹೀಗೆಯೇ. ಮೊದಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ದಾರಿಯೂ ತೆರೆಯಿತು.

ಪರಂಪರೆಯ ಕ್ಷೌರಿಕರನ್ನು ಹೆಸರಿಟ್ಟು ಕರೆದದ್ದು 2023ರ ಪಿ.ಎಂ. ವಿಶ್ವಕರ್ಮ ಯೋಜನೆ. ಅದರ 18 ಕಸುಬುಗಳಲ್ಲಿ ಕ್ಷೌರವೂ ಒಂದು. 5ರಿಂದ 7 ದಿನಗಳ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ. ಇವರ ಸಂಖ್ಯೆ ಎಷ್ಟು ದೊಡ್ಡದೆಂಬುದು ಕೋವಿಡ್ ಕಾಲದಲ್ಲೇ ಕಂಡಿತ್ತು. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ತಲಾ 5,000 ರೂಪಾಯಿ ಪರಿಹಾರ ಘೋಷಿಸಿದ್ದು ಸುಮಾರು 2.30 ಲಕ್ಷ ಕ್ಷೌರಿಕರಿಗೆ.

ತರಗತಿ ಕೊಡುವುದು, ಅಂಗಡಿ ಕೊಡುವುದು

ತರಗತಿಯ ಪಾಠ ನಿಜಕ್ಕೂ ಬೇಕು. ಹೇರ್ ಡೈ ಹಚ್ಚುವ ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಇಟ್ಟು ಎರಡು ದಿನ ಕಾಯಬೇಕು. ಡೈನಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಒಗ್ಗದೆ ಮುಖ ಊದಿಕೊಳ್ಳುತ್ತದೆ. ಬ್ಲೇಡನ್ನು ಪ್ರತಿ ಗಿರಾಕಿಗೂ ಬದಲಿಸಬೇಕು, ಏಕೆಂದರೆ ಹೆಪಟೈಟಿಸ್ ಬಿ ವೈರಾಣುವಿಗೆ ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು. ತಲೆ ಮಸಾಜ್ ಮುಗಿಸಿ ಲಟಕ್ಕನೆ ಕುತ್ತಿಗೆ ತಿರುಗಿಸುವ ರೂಢಿಯಿಂದ ಮಿದುಳಿಗೆ ಹೋಗುವ ರಕ್ತನಾಳ ಹರಿಯಬಹುದು. ಇವು ಅಪ್ಪನಿಂದ ಮಗನಿಗೆ ಬಂದ ಪಾಠಗಳಲ್ಲ. ಪುಸ್ತಕ, ಶಿಕ್ಷಕಿ ಹೇಳಿಕೊಡಬೇಕಾದವು.

ಆದರೆ ಕೈ ಹದ ಬರುವುದು ಬೇರೆ ರೀತಿಯಲ್ಲಿ. ಊದಿದ ಬಲೂನಿಗೆ ನೊರೆ ಬಳಿದು, ಅದು ಒಡೆಯದಂತೆ ಕತ್ತಿ ಎಳೆಯುವುದು ಹೊಸಬರ ಮೊದಲ ಅಭ್ಯಾಸಗಳಲ್ಲೊಂದು. ಬಲೂನ್ ನಯವಾಗಿ, ಗುಂಡಗಿರುತ್ತದೆ. ಮನುಷ್ಯನ ಗಲ್ಲದಲ್ಲಿ ಮೊಡವೆಯಿರುತ್ತದೆ, ಸುಳಿಯಿರುತ್ತದೆ, ಅವನು ನಡುವೆ ಮಾತಾಡುತ್ತಾನೆ, ಸೀನುತ್ತಾನೆ. ಬಲೂನಿನಿಂದ ಗಲ್ಲಕ್ಕೆ ಹೋಗುವ ಧೈರ್ಯ ನೂರಾರು ಗಿರಾಕಿಗಳಿಂದಷ್ಟೇ ಬರುತ್ತದೆ. ಒಂದು ತಿಂಗಳ, ಕೆಲವು ನೂರು ಗಂಟೆಗಳ ಕೋರ್ಸ್ ಇದನ್ನು ಕೊಡಲಾರದು. ಪತ್ರ ಹಿಡಿದು ಬಂದ ಹುಡುಗಿಗೆ ಮಾಲೀಕರು ಮೊದಲ ಕೆಲವು ತಿಂಗಳು ಕಸ ಗುಡಿಸಲು, ತಲೆ ತೊಳೆಯಲು ಹೇಳುವುದು ಇದೇ ಕೊರತೆಯಿಂದ.

ಒಂದೆಡೆ ಪತ್ರವಿದೆ, ಕೈ ಪಳಗಿಲ್ಲ. ಇನ್ನೊಂದೆಡೆ ಮೂವತ್ತು ವರ್ಷ ಕತ್ತರಿ ಹಿಡಿದ, ಕ್ಷೌರಿಕ ಸಮುದಾಯವಾದ ಸವಿತಾ ಸಮಾಜದ ಹಿರಿಯರ ಕೈ ಪಳಗಿದೆ, ಪತ್ರವಿಲ್ಲ. ಇವೆರಡನ್ನೂ ಜೋಡಿಸುವುದೇ ಮುಂದಿನ ಹೆಜ್ಜೆಯಾಗಬೇಕು. ಊರಿನ ಒಳ್ಳೆಯ ಅಂಗಡಿಗಳನ್ನು ಅಧಿಕೃತ ಕಲಿಕಾ ಕೇಂದ್ರಗಳೆಂದು ಗುರುತಿಸಿ, ಹಿರಿಯ ಕ್ಷೌರಿಕರಿಗೆ ಬೋಧಕರ ಸ್ಥಾನ, ಗೌರವಧನ ಕೊಡಬೇಕು. 1961ರ ಅಪ್ರೆಂಟಿಸ್ ಕಾಯ್ದೆ ಇರುವ ದೇಶದಲ್ಲಿ ಕಲಿಯುವ ಹುಡುಗ, ಹುಡುಗಿಯರಿಗೆ ಭತ್ಯೆ ಕೊಡಲು ಹೊಸ ತತ್ವವೇನೂ ಬೇಕಿಲ್ಲ. ಕೋರ್ಸಿನ ಅವಧಿಯ ಜತೆಗೆ ಎಷ್ಟು ಗಿರಾಕಿಗಳ ಕೆಲಸ ಮಾಡಿದರೆಂಬುದೂ ಪ್ರಮಾಣಪತ್ರಕ್ಕೆ ಲೆಕ್ಕವಾಗಬೇಕು. ರಾಸಾಯನಿಕಗಳ ಪಾಠ ಸರಳ ಕನ್ನಡದಲ್ಲಿ ಸಿಗಬೇಕು. ಯಾರೇ ಬಂದು ಕುರ್ಚಿಯಲ್ಲಿ ಕೂತರೂ ಒಂದೇ ಮರ್ಯಾದೆಯಿಂದ ಕೆಲಸ ಮಾಡಬೇಕೆಂಬುದು ಆ ಪಠ್ಯದ ಮೊದಲ ಪಾಠವಾಗಬೇಕು. ಜಾತಿ ಕಿತ್ತುಕೊಂಡ ಗೌರವವನ್ನು ಈ ಕಸುಬಿಗೆ ಮರಳಿಸುವ ಶಕ್ತಿ ತರಬೇತಿಗಿದೆ. ಅದಕ್ಕೆ ಹಳೆಯ ಕೈಗಳನ್ನು ಹೊರಗಿಡದೆ ಗುರುಪೀಠಕ್ಕೆ ಕರೆಯಬೇಕು.