ಓರೆಯಾದ ಶಾಫ್ಟಿನಿಂದ ಹುಟ್ಟಿದ ಉದ್ಯಮ

ಕರ್ನಾಟಕದ ಪ್ರಯಾಣಿಕರಿಗೆ ‘ವೋಲ್ವೊ’ ಎಂದರೆ ದೂರದೂರುಗಳಿಗೆ ಹೋಗುವ ಹವಾನಿಯಂತ್ರಿತ ಬಸ್ಸು. ಆದರೆ 1915ರಲ್ಲಿ ಈ ಹೆಸರು ಮೊದಲು ನೋಂದಣಿಯಾದದ್ದು ಬಸ್ಸಿಗಲ್ಲ, ಬಾಲ್ ಬೇರಿಂಗಿಗೆ. ‘ಉರುಳುತ್ತೇನೆ’ ಎಂಬುದು ಈ ಲ್ಯಾಟಿನ್ ಪದದ ಅರ್ಥ. ನೋಂದಾಯಿಸಿದ್ದು ಸ್ವೀಡನ್ನಿನ ಎಸ್‌ಕೆಎಫ್ ಕಂಪನಿ.

ಈ ಕಂಪನಿಯ ಮೂಲವಿರುವುದು ಗೋಥೆನ್‌ಬರ್ಗ್ ನಗರದ ಒಂದು ಬಟ್ಟೆ ಗಿರಣಿಯಲ್ಲಿ. ಗಿರಣಿ ನಿಂತಿದ್ದ ನೆಲ ಜೇಡಿಮಣ್ಣಿನದು. ನೆಲ ಸರಿದಂತೆಲ್ಲ ಕಟ್ಟಡ ಅಲುಗುತ್ತಿತ್ತು. ಯಂತ್ರಗಳಿಗೆ ಶಕ್ತಿ ಸಾಗಿಸುವ ಉದ್ದನೆಯ ಶಾಫ್ಟುಗಳು ಓರೆಯಾಗುತ್ತಿದ್ದವು. ಅವುಗಳನ್ನು ಹೊತ್ತ ಬೇರಿಂಗುಗಳು ಬಿಸಿಯೇರಿ ಕೆಡುತ್ತಿದ್ದವು, ಕೆಲಸ ನಿಲ್ಲುತ್ತಿತ್ತು. ಗಿರಣಿಯ ಎಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್‌ಗೆ ನೆಲವನ್ನು ಬದಲಿಸುವುದು ಸಾಧ್ಯವಿರಲಿಲ್ಲ. ಹಾಗಾಗಿ ಓರೆಯನ್ನು ತಾಳಿಕೊಳ್ಳುವ ಬೇರಿಂಗನ್ನೇ ಅವರು ರೂಪಿಸಿದರು. ಅದರಲ್ಲಿ ಎರಡು ಸಾಲು ಗುಂಡುಗಳು. ಹೊರಬಳೆಯ ಒಳಮೈ ಗೋಳದ ಒಳಮೈಯಂತೆ ಬಾಗಿದೆ. ಶಾಫ್ಟ್ ವಾಲಿದರೆ ಗುಂಡುಗಳ ಸಮೇತ ಒಳಬಳೆಯೂ ವಾಲುತ್ತದೆ, ಆದರೆ ತಿರುಗುವುದು ನಿಲ್ಲುವುದಿಲ್ಲ. ಈ ಬೇರಿಂಗನ್ನೇ ನಂಬಿ 1907ರಲ್ಲಿ ಎಸ್‌ಕೆಎಫ್ ಆರಂಭವಾಯಿತು.

ಕಂಪನಿ ಬಹುಬೇಗ ಹೊರದೇಶಗಳಿಗೂ ಹಬ್ಬಿತು. ಒಳ್ಳೆಯ ಉಕ್ಕಿಗಾಗಿ 1916ರಲ್ಲಿ ಹೋಫೋರ್ಸ್‌ನ ಉಕ್ಕಿನ ಕಾರ್ಖಾನೆಯನ್ನು ಕೊಂಡಿತು. ಬಳಕೆಯಿಲ್ಲದೆ ಉಳಿದಿದ್ದ ‘ವೋಲ್ವೊ’ ಹೆಸರಿನಲ್ಲಿ 1927ರಲ್ಲಿ ಕಾರು ಹೊರಬಂತು. 1935ರಲ್ಲಿ ವೋಲ್ವೊ ಸ್ವತಂತ್ರ ಕಂಪನಿಯಾಯಿತು.

ಬೇರಿಂಗ್ ಎಷ್ಟು ಅನಿವಾರ್ಯ ಎಂಬುದು ಎರಡನೆಯ ಮಹಾಯುದ್ಧದಲ್ಲಿ ಜಗತ್ತಿಗೆ ತಿಳಿಯಿತು. ವಿಮಾನ, ಟ್ಯಾಂಕು, ಲಾರಿ ಯಾವುದೂ ಬೇರಿಂಗಿಲ್ಲದೆ ಓಡುವುದಿಲ್ಲ. ಜರ್ಮನಿಯ ಬೇರಿಂಗ್ ತಯಾರಿಕೆಯ ಕೇಂದ್ರ ಶ್ವೈನ್‌ಫುರ್ಟ್. ಅಲ್ಲಿ ಎಸ್‌ಕೆಎಫ್‌ನ ಅಂಗಸಂಸ್ಥೆಯ ಕಾರ್ಖಾನೆಗಳೂ ಇದ್ದವು. 1943ರ ಅಕ್ಟೋಬರ್ 14ರಂದು ಈ ಊರಿನ ಮೇಲೆ ದಾಳಿಗೆ ಹೊರಟ 291 ಅಮೆರಿಕನ್ ಬಾಂಬರ್‌ಗಳಲ್ಲಿ 60 ನಾಶವಾದವು. ಆದರೂ ಜರ್ಮನಿ ತಯಾರಿಕೆಯನ್ನು ಬೇರೆ ಬೇರೆ ಊರುಗಳಿಗೆ ಹಂಚಿ ಚೇತರಿಸಿಕೊಂಡಿತು.

ಸ್ವೀಡನ್ ತಟಸ್ಥ ದೇಶ. ಅಲ್ಲಿಂದ ಬೇರಿಂಗುಗಳು ಜರ್ಮನಿಗೂ ಹೋಗುತ್ತಿದ್ದವು, ಬ್ರಿಟನ್ನಿಗೂ ಹೋಗುತ್ತಿದ್ದವು. ಬ್ರಿಟನ್ ವೇಗದ ಮಾಸ್ಕಿಟೊ ವಿಮಾನಗಳನ್ನು ಕಳಿಸಿ ಶತ್ರುವಿನ ಆಕಾಶವನ್ನು ದಾಟಿ ಅವುಗಳನ್ನು ತರಿಸಿಕೊಳ್ಳುತ್ತಿತ್ತು. ಒಂದೇ ಕಂಪನಿಯ ಸರಕು ಎರಡೂ ಪಕ್ಷಗಳ ಯಂತ್ರಗಳಲ್ಲಿ ತಿರುಗುತ್ತಿತ್ತು. ಕೊನೆಗೆ 1944ರಲ್ಲಿ ಅಮೆರಿಕದ ಪ್ರತಿನಿಧಿಗಳು ಸ್ಟಾಕ್‌ಹೋಮ್‌ಗೆ ಹೋಗಿ ಒತ್ತಡ ಹೇರಿದ ಮೇಲೆ ಎಸ್‌ಕೆಎಫ್ ಜರ್ಮನಿಗೆ ಪೂರೈಕೆಯನ್ನು ಬಹುಮಟ್ಟಿಗೆ ಕಡಿಮೆ ಮಾಡಲು ಒಪ್ಪಿತು.

ಅಂದು ಗಿರಣಿಯ ಯಂತ್ರ ನಿಲ್ಲದಿರಲೆಂದು ಹುಟ್ಟಿದ ಬೇರಿಂಗ್, 4 ದಶಕ ತುಂಬುವುದರೊಳಗೆ ರಾಷ್ಟ್ರಗಳು ಚೌಕಾಸಿಗೆ ಕೂರುವಂಥ ಸರಕಾಗಿತ್ತು. ಕಂಪನಿಯ ಕೇಂದ್ರ ಕಚೇರಿ ಇಂದಿಗೂ ಗೋಥೆನ್‌ಬರ್ಗ್‌ನಲ್ಲೇ ಇದೆ.