ಹಿತ್ತಿಲಿನಿಂದ ಒಳಮನೆಗೆ ಬಂದ ಬಚ್ಚಲು

ಮನೆ ಮಾರಲು ನಿಶ್ಚಯಿಸಿದವರು ಇಂದು ಮೊದಲು ಕೈಹಾಕುವುದು ಬಚ್ಚಲುಮನೆಗೆ. ತೊಟ್ಟಿಕ್ಕುವ ನಲ್ಲಿಗೆ ಹೊಸ ವಾಷರ್, ಟೈಲ್ಸ್ ಸಂದುಗಳಿಗೆ ಬಿಳಿ ಸಿಮೆಂಟು, ಕೊಳವೆಬಾವಿಯ ಗಡಸು ನೀರು ಬಿಟ್ಟುಹೋದ ಕಲೆಗೆ ಆ್ಯಸಿಡ್. ಕೊಳ್ಳಲು ಬಂದವರೂ ನಡುಮನೆಯನ್ನು ಒಮ್ಮೆ ಕಣ್ಣಾಡಿಸಿ, 'ಬಾತ್‌ರೂಮ್ ಎಲ್ಲಿ?' ಎಂದು ಕೇಳುತ್ತಾರೆ. ಮನೆಯ ಕಟ್ಟಕಡೆಯ ಮೂಲೆಯಲ್ಲಿದ್ದ ಬಚ್ಚಲಿಗೆ ಈ ಮರ್ಯಾದೆ ಬಂದದ್ದು ಹೇಗೆ?

ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಬಚ್ಚಲು ಹಿಂಭಾಗದಲ್ಲಿ, ಬಾವಿಗೆ ಹತ್ತಿರದಲ್ಲಿರುತ್ತಿತ್ತು. ಒಲೆಯ ಮೇಲೆ ಹೂತ ತಾಮ್ರದ ಹಂಡೆ, ಹೊಗೆಯಿಂದ ಕಪ್ಪಾದ ಗೋಡೆ, ಕೂತು ಮೀಯಲು ಒಂದು ಚಪ್ಪಡಿ ಕಲ್ಲು. ಮಿಂದ ನೀರು ಹಿತ್ತಿಲಿನ ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಈ ಕೋಣೆಗೆ ಸಿಂಗಾರವಾಗುತ್ತಿದ್ದುದು ದೀಪಾವಳಿಯ ನೀರು ತುಂಬುವ ಹಬ್ಬದಂದು. ಹುಣಸೆಹಣ್ಣು ಹಾಕಿ ಹಂಡೆಯನ್ನು ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆಗೆ ಹಾಗಲಬಳ್ಳಿ ಸುತ್ತುತ್ತಿದ್ದರು. ಅದು ಮರುದಿನದ ಅಭ್ಯಂಜನಕ್ಕಾಗಿ ಮಾಡಿದ ಸಿಂಗಾರವೇ ಹೊರತು ಮನೆಗೆ ಬೆಲೆ ಕಟ್ಟುವವರಿಗಾಗಿ ಅಲ್ಲ.

ಕಕ್ಕಸಿನ ಸ್ಥಿತಿ ಬೇರೆ. ಅದು ಬಚ್ಚಲಿಗಿಂತಲೂ ದೂರ, ಹಿತ್ತಿಲ ಗೋಡೆಗೆ ಅಂಟಿಕೊಂಡಿರುತ್ತಿತ್ತು. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕಿರುದಾರಿಗಳನ್ನು ಬಿಟ್ಟರು. ಇವೇ ಕನ್ಸರ್ವೆನ್ಸಿ ಗಲ್ಲಿಗಳು. ಮಲ ಹೊರುವವರು ಆ ಗಲ್ಲಿಯಿಂದಲೇ ಬಂದು ಹೋಗಬೇಕಿತ್ತು. ಮುಂಬಾಗಿಲಿನ ಮಡಿಯನ್ನು ಹಿಂಬಾಗಿಲಿನ ಈ ದುಡಿಮೆ ಕಾಯುತ್ತಿತ್ತು. ಅದು ಬಿದ್ದದ್ದು ದಲಿತರ ತಲೆಯ ಮೇಲೆ.

ಕಕ್ಕಸನ್ನು ಮನೆಯೊಳಗೆ ತರಲು ಮುಖ್ಯ ಅಡ್ಡಿ ದುರ್ವಾಸನೆ. ಇದಕ್ಕೆ ಉಪಾಯ ಹೊಳೆದದ್ದು ಲಂಡನ್ನಿನ ಗಡಿಯಾರ ತಯಾರಕ ಅಲೆಗ್ಸಾಂಡರ್ ಕಮ್ಮಿಂಗ್‌ಗೆ. 1775ರಲ್ಲಿ ಆತ ಪಡೆದ ಪೇಟೆಂಟಿನಲ್ಲಿ ಕೊಳವೆಗೆ ಒಂದು ಬಾಗು ಇತ್ತು. ನೀರು ಹರಿದುಹೋದ ಮೇಲೂ ಆ ಬಾಗಿನಲ್ಲಿ ಸ್ವಲ್ಪ ನೀರು ಉಳಿದು, ಚರಂಡಿಯ ವಾಸನೆ ಮೇಲೇರದಂತೆ ತಡೆಯುತ್ತದೆ. ಇಂದಿನ ಕಮೋಡಿನಲ್ಲೂ ಕೆಲಸ ಮಾಡುವುದು ಇದೇ ತತ್ವ. ಆದರೆ ಧಾರಾಳ ನೀರು ಮತ್ತು ಒಳಚರಂಡಿ ಇಲ್ಲದೆ ಈ ಬಾಗಿನಿಂದ ಪ್ರಯೋಜನವಿಲ್ಲ.

ಬೆಂಗಳೂರಿಗೆ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದದ್ದು 1896ರಲ್ಲಿ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಬಂತು. ನಲ್ಲಿ ಒಳಗೆ ಬಂದಂತೆ ಬಾವಿಯ ನಂಟು ಕಡಿಮೆಯಾಯಿತು. ಬಾಯ್ಲರ್, ಗೀಸರ್‌ಗಳು ಬಂದ ಮೇಲೆ ಸೌದೆ ಒಲೆಯೂ ಬೇಡವಾಯಿತು. ಹೊಗೆ ಇಲ್ಲದ ಬಚ್ಚಲು ಮಲಗುವ ಕೋಣೆಯ ಪಕ್ಕಕ್ಕೆ ಸರಿಯಿತು. ಗೋಡೆಗೆ ಹೊಳಪಿನ ಟೈಲ್ಸ್ ಏರಿದವು. 'ಅಟ್ಯಾಚ್ಡ್ ಬಾತ್‌ರೂಮ್' ಎಂಬ ಮಾತು ಮನೆ ಮಾರಾಟದ ಜಾಹೀರಾತುಗಳಲ್ಲಿ ಸೇರಿಕೊಂಡಿತು.

ಕೊಳವೆ ಬಂದ ಮಾತ್ರಕ್ಕೆ ಹಿಂಬಾಗಿಲಿನ ದುಡಿಮೆ ತಾನಾಗಿ ನಿಲ್ಲಲಿಲ್ಲ. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರ ಪ್ರಯತ್ನದಿಂದ. ಕೇಂದ್ರದ ಕಾಯ್ದೆ 1993ರಲ್ಲಿ ಬಂತು. 2013ರ ಕಾಯ್ದೆ, ಸುರಕ್ಷಾ ಸಾಧನಗಳಿಲ್ಲದೆ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದನ್ನೂ ಅಪರಾಧವೆಂದು ಸಾರಿತು. ಆದರೂ ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕರ ಸಾವು ನಿಂತಿಲ್ಲ.

ಹೀಗೆ ಬಚ್ಚಲಿನ ಬೆಲೆ ನಿಂತಿರುವುದು ಕಾಣುವ ಟೈಲ್ಸ್ ಮೇಲಲ್ಲ, ಕಾಣದ ಕೊಳವೆಗಳ ಮೇಲೆ. ಬಿಳಿ ಸಿಮೆಂಟು ಸಂದನ್ನು ಮುಚ್ಚೀತು, ಗೋಡೆಯೊಳಗೆ ಸೋರುವ ಕೊಳವೆಯನ್ನು ದುರಸ್ತಿ ಮಾಡಲಾರದು. ಹೊಸ ಬಣ್ಣದಡಿಯ ತೇವ ಮೊದಲ ಮಳೆಗಾಲದಲ್ಲೇ ಗುಳ್ಳೆಯೆದ್ದು ಹೊರಬಿದ್ದೀತು. ಅದಕ್ಕೇ ತಿಳಿದವರು ಟೈಲ್ಸನ್ನು ಬೆರಳಿನಿಂದ ತಟ್ಟಿ ಟೊಳ್ಳು ಸದ್ದು ಬರುತ್ತದೆಯೇ ಎಂದು ಆಲಿಸುತ್ತಾರೆ, ಒಂದು ಬಕೆಟ್ ನೀರು ಸುರಿದು ಅದು ಜಾಲರಿಯತ್ತ ಹರಿಯುವುದನ್ನು ನೋಡುತ್ತಾರೆ, ಕೆಳಗಿನ ಕೋಣೆಯ ಸೂರನ್ನು ಪರೀಕ್ಷಿಸುತ್ತಾರೆ.

ಮಾರುವವರು ಸಿಂಗರಿಸುವುದರಲ್ಲಿ ತಪ್ಪಿಲ್ಲ. ಕೊಳ್ಳುವವರು ಮಾತ್ರ ಎರಡು ಪ್ರಶ್ನೆ ಕೇಳುವುದು ಒಳ್ಳೆಯದು: ನೀರು ಎಲ್ಲಿಂದ ಬರುತ್ತದೆ? ಅದು ಹೋಗುವುದು ಒಳಚರಂಡಿಗೋ, ಸೆಪ್ಟಿಕ್ ಟ್ಯಾಂಕಿಗೋ? ಎರಡನೆಯ ಪ್ರಶ್ನೆಯ ಜತೆಗೇ ಇನ್ನೊಂದಿದೆ: ಕಟ್ಟಿಕೊಂಡಾಗ ಅದನ್ನು ತೆಗೆಯುವುದು ಯಂತ್ರವೋ, ಮನುಷ್ಯನೋ? ಕನ್ಸರ್ವೆನ್ಸಿ ಗಲ್ಲಿಯ ಕಾಲದಲ್ಲಿ ಮನೆಯವರು ಕೇಳದೆ ಬಿಟ್ಟ ಪ್ರಶ್ನೆ ಅದೇ.